ಒಂದು ಕಣ್ಣು ಮುಚ್ಚಿ ನೋಡಿ, ಮಕ್ಕಳೇ
(ವಾರಾಣಸಿಯ ಕನ್ನಡ ಬಂಧುಗಳ ಸಭೆಯಲ್ಲಿ, ಮಕ್ಕಳ ಕಣ್ಣಿನ ನೆರವಿಗಾಗಿ ಆಡಿದ ಮಾತು)

ಹಿರಿಯರು ಕ್ಷಮಿಸಬೇಕು, ಮೊದಲು ಚಾಪೆಯ ಮೇಲೆ ಕೂತಿರುವ ಮಕ್ಕಳ ಜೊತೆ ಮಾತಾಡುತ್ತೇನೆ.

ಮಕ್ಕಳೇ, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ. ಒತ್ತಬೇಡಿ, ಸುಮ್ಮನೆ ಮುಚ್ಚಿ. ಗೋಡೆಯ ಕ್ಯಾಲೆಂಡರಿನ ಅಂಕಿ ಕಾಣುತ್ತದೆಯೇ? ಈಗ ಎಡಗಣ್ಣು ಮುಚ್ಚಿ. ಎರಡೂ ಸಲ ಒಂದೇ ಥರ ಕಂಡಿತೇ?

ನಾನು ಈ ಆಟ ಆಡಿದ್ದು ಹನ್ನೊಂದನೇ ವಯಸ್ಸಿನಲ್ಲಿ, ಹನುಮಾನ್ ಘಾಟಿನ ಮೆಟ್ಟಿಲ ಮೇಲೆ. ಎಡಗಣ್ಣು ಮುಚ್ಚಿದರೆ ಗಂಗೆಯ ದೋಣಿಗಳೆಲ್ಲ ಮಸುಕು! ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಎರಡೂ ತೆರೆದಿದ್ದಾಗ ಎಡಗಣ್ಣೇ ಎಲ್ಲ ಕೆಲಸ ಮಾಡಿಬಿಡುತ್ತಿತ್ತು. ಡಾಕ್ಟರು ತಡವಾಯಿತು ಅಂದರು. ಕನ್ನಡಕ ಹಾಕಿದರೂ ಆ ಕಣ್ಣು ಪೂರ್ತಿ ಸರಿಹೋಗಲಿಲ್ಲ.

ಯಾಕೆ? ಕಣ್ಣು ಚಿತ್ರ ಹಿಡಿಯುತ್ತದೆ, ಅದನ್ನು ಓದುವುದು ಮಿದುಳು. ಒಂದು ಕಣ್ಣು ಸದಾ ಮಸುಕು ಚಿತ್ರ ಕಳಿಸಿದರೆ ಮಿದುಳು ಅದನ್ನು ಕೇಳುವುದನ್ನೇ ಬಿಡುತ್ತದೆ, ತಪ್ಪು ಉತ್ತರ ಕೊಡುವ ಹುಡುಗನನ್ನು ಮೇಷ್ಟ್ರು ಕೇಳುವುದೇ ಬಿಟ್ಟ ಹಾಗೆ. ಇದಕ್ಕೆ ಸೋಮಾರಿ ಕಣ್ಣು ಅಂತ ಹೆಸರು. ಪಾಪ, ಅದು ಸೋಮಾರಿಯಲ್ಲ. ಏಳೆಂಟು ವರ್ಷದೊಳಗೆ ಗೊತ್ತಾದರೆ ಕನ್ನಡಕ ಕೊಟ್ಟು, ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಹಾಕಿ, ಹಿಂದೆ ಬಿದ್ದ ಕಣ್ಣಿಗೆ ಕೆಲಸ ಕಲಿಸುತ್ತಾರೆ. ಆಮೇಲೆ ಪ್ರಯತ್ನಿಸಿದರೂ ಫಲ ಕಡಿಮೆ.

ಕಣ್ಣು ಹಲ್ಲಿನ ಹಾಗೆ ನೋವಿನಿಂದ ಎಬ್ಬಿಸುವುದಿಲ್ಲ. 2009ರ ಜುಲೈ 22ರ ಬೆಳಿಗ್ಗೆ ಇದೇ ಕಾಶಿಯಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತು. ಸೂರ್ಯ ಪೂರ್ತಿ ಮರೆಯಾದದ್ದು ಸುಮಾರು ಮೂರು ನಿಮಿಷ. ಅದರ ಹಿಂದೆ ಮುಂದೆ ಬರಿಗಣ್ಣಲ್ಲಿ ದಿಟ್ಟಿಸಿದರೆ ಕಣ್ಣಿನ ಒಳಪರದೆ ಸುಡುತ್ತದೆ, ಸುಟ್ಟದ್ದು ತಿಳಿಯುವುದಿಲ್ಲ. ಆ ಪರದೆಗೆ ನೋವೇ ಗೊತ್ತಾಗದು. ಅರ್ಘ್ಯ ಕೊಡುವಾಗಲೂ ಸೂರ್ಯನನ್ನು ದಿಟ್ಟಿಸಬೇಡಿ, ಕಣ್ಣು ತಗ್ಗಿಸಿ ಕೊಡಿ.

ಈಗ ಹಿರಿಯರಿಗೆ. ಬಿಎಚ್‌ಯು ಆವರಣದ ಸರ್ ಸುಂದರಲಾಲ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. 2024ರ ಅಕ್ಟೋಬರಿನಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯೂ ಇಲ್ಲಿ ತೆರೆದಿದೆ. ಹೋಗಲು ಜಾಗವಿದೆ, ಹೋಗುವುದೇ ಕಷ್ಟ. ದಿನಗೂಲಿಯ ಮನೆಯಲ್ಲಿ ಮಗುವನ್ನು ಕರೆದೊಯ್ದ ದಿನದ ಕೂಲಿ ಹೋಯಿತು, ಆಟೋಗೆ ಬೇರೆ ದುಡ್ಡು. ಬೆಳೆಯುವ ಮಗುವಿನ ಕನ್ನಡಕದ ನಂಬರು ಬದಲಾಗುತ್ತದೆ, ಫ್ರೇಮು ಮುರಿಯುತ್ತದೆ. ಆಪರೇಷನ್ನಿಗೆ ಅಂದರೆ ಕೈಬಿಚ್ಚಿ ಕೊಡುವವರು ಎರಡನೇ ಕನ್ನಡಕಕ್ಕೆ ಅಂದರೆ ಮುಖ ನೋಡುತ್ತಾರೆ. ನಾನು ಕೇಳುತ್ತಿರುವುದು ಆ ಎರಡನೇ ಕನ್ನಡಕಕ್ಕೇ, ಆ ಆಟೋ ಬಾಡಿಗೆಗೇ.

ಮಕ್ಕಳೇ, ಒಂದು ಕಣ್ಣಲ್ಲಿ ಅಂಕಿ ಮಸುಕಾಗಿ ಕಂಡವರು ಊಟಕ್ಕೆ ಕೂರುವ ಮೊದಲು ನನ್ನ ಹತ್ತಿರ ಬನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ.