ಸುಣ್ಣದಂಶವನ್ನು ಹುಡುಕುವ ವಿಷ



ಬಸವನಗುಡಿಯ ಕಹಳೆ ಬಂಡೆಯ ಮೇಲೆ ಸಂಜೆ ಹೊತ್ತು ಕೂರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಆ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಕೋಲಾರ, ಪಾವಗಡದ ಕಡೆಯ ನೆಲದಡಿಯಲ್ಲೂ ಇಂಥವೇ ನೈಸ್, ಗ್ರಾನೈಟ್ ಬಂಡೆಗಳಿವೆ. ಇವುಗಳೊಳಗಿನ ಕಾಗೆಬಂಗಾರ, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳಲ್ಲಿ ಫ್ಲೋರಿನ್, ಫ್ಲೋರೈಡ್ ರೂಪದಲ್ಲಿ ಸೇರಿಕೊಂಡಿರುತ್ತದೆ. ಇಂದು ನಾನು ಹೇಳಹೊರಟಿರುವುದು ಒಂದೇ ಮಾತು: ಫ್ಲೋರೈಡ್ ಎಲ್ಲಿ ಹೋದರೂ ಕ್ಯಾಲ್ಸಿಯಂ ಅನ್ನು ಹುಡುಕುತ್ತದೆ. ಅದರ ವಿಷವೂ ಅಲ್ಲಿದೆ, ಮದ್ದೂ ಅಲ್ಲಿದೆ.

ಮೊದಲು ಫ್ಲೋರೈಡ್‌ನ ಆಮ್ಲರೂಪದ ಕಥೆ. ಫ್ಲೋರೈಟ್ ಅಂದರೆ ಕ್ಯಾಲ್ಸಿಯಂ ಫ್ಲೋರೈಡ್. 1771ರಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ಶೀಲೆ ಅದಕ್ಕೆ ಗಂಧಕಾಮ್ಲ ಬೆರೆಸಿ ಕಾಯಿಸಿದ. ಕ್ಯಾಲ್ಸಿಯಂ ಸಲ್ಫೇಟ್ ಉಳಿಯಿತು, ಹೈಡ್ರೋಜನ್ ಫ್ಲೋರೈಡ್ ಹೊರಬಂತು. ಬಂದದ್ದೇ ಅವನ ಗಾಜಿನ ಪಾತ್ರೆಯನ್ನು ತಿನ್ನತೊಡಗಿತು. ಕಾರ್ಖಾನೆಗಳು ಇಂದಿಗೂ ನೆಚ್ಚಿರುವುದು ಇದೇ ಕ್ರಿಯೆಯನ್ನು.

ಹೈಡ್ರೋಜನ್ ಫ್ಲೋರೈಡ್‌ನ ಕುದಿಬಿಂದು ಸುಮಾರು 19.5 ಡಿಗ್ರಿ ಸೆಲ್ಸಿಯಸ್. ನಮ್ಮೂರಿನ ಜನವರಿಯ ಬೆಳಗಿನ ಚಳಿಯಲ್ಲಿ ದ್ರವ, ಮಧ್ಯಾಹ್ನದ ಬಿಸಿಲಿಗೆ ಅನಿಲ! ನೀರಿನಲ್ಲಿ ಕರಗಿದಾಗ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಇದು ದುರ್ಬಲ ಆಮ್ಲ. ಹಾಗೆಂದು ಸಸಾರ ಮಾಡುವಂತಿಲ್ಲ. ಅಯಾನುಗಳಾಗಿ ಒಡೆಯದೆ ಉಳಿದ ಅಣುಗಳು ಚರ್ಮವನ್ನು ದಾಟಿ ಆಳಕ್ಕೆ ಇಳಿಯುತ್ತವೆ. ಆಮ್ಲದ ಸಾರತೆ ಕಡಿಮೆಯಿದ್ದರೆ ನೋವು ಗಂಟೆಗಟ್ಟಲೆ ತಡವಾಗಿ ಕಾಣಿಸಿಕೊಳ್ಳಬಹುದು. ರಕ್ತದ ಕ್ಯಾಲ್ಸಿಯಂ ಅನ್ನು ಫ್ಲೋರೈಡ್ ಕಟ್ಟಿಹಾಕಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅದಕ್ಕೇ ಕೂಡಲೇ ಧಾರಾಳವಾಗಿ ನೀರು ಹುಯ್ದು ತೊಳೆದು, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಿ, ತಡಮಾಡದೆ ಆಸ್ಪತ್ರೆಗೆ ಒಯ್ಯುತ್ತಾರೆ. ಫ್ಲೋರೈಡ್‌ಗೆ ಬೇಕಾದ ಕ್ಯಾಲ್ಸಿಯಂ ಅನ್ನು ನಾವೇ ಮುಂದಾಗಿ ಕೊಟ್ಟುಬಿಡುವುದು ಈ ಚಿಕಿತ್ಸೆಯ ಮರ್ಮ.

ಬಯಲುಸೀಮೆಯಲ್ಲಿ ಇದೇ ನಂಟು ನಿಧಾನವಾಗಿ ಕೆಲಸ ಮಾಡುತ್ತದೆ. ಅಲ್ಲಿ ಆಮ್ಲವಿಲ್ಲ, ನೀರಿನಲ್ಲಿ ಕರಗಿದ ಫ್ಲೋರೈಡ್ ಇದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಆಳದ ಕೊಳವೆಬಾವಿಗಳಲ್ಲಿ ನೀರು ಬಂಡೆಯ ಬಿರುಕಿನೊಳಗೆ ಬಹುಕಾಲ ನಿಂತಿರುತ್ತದೆ. ಆ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಅದರೊಡನೆ ಸೇರಿ ಕಲ್ಲಾಗಿಯೇ ಉಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದರೆ ಕರಗಿ ಹೊರಬರುತ್ತದೆ. ಹೀಗಾಗಿ ಸೋಪಿಗೆ ಚೆನ್ನಾಗಿ ನೊರೆ ಬರುವ ಮೆದು ನೀರು ಕುಡಿಯಲೂ ಒಳ್ಳೆಯದೆಂದು ನಂಬುವಂತಿಲ್ಲ.

ಒಡಲು ಸೇರಿದ ಮೇಲೆ ಫ್ಲೋರೈಡ್‌ಗೆ ಬೇಕಾದ ಕ್ಯಾಲ್ಸಿಯಂ ಹಲ್ಲು ಮತ್ತು ಮೂಳೆಗಳಲ್ಲಿ ಸಿಗುತ್ತದೆ. ಹಲ್ಲು ಮೂಡುವ ವಯಸ್ಸಿನ ಮಕ್ಕಳಿಗೆ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ. ಹಲವು ವರ್ಷ ಕುಡಿದವರಿಗೆ ಕೀಲು ಬಿಗಿದು ಬೆನ್ನು ಬಾಗುತ್ತದೆ. ಭಾರತದಲ್ಲಿ ಈ ರೋಗವನ್ನು 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಿದರು. ಭಾರತೀಯ ಮಾನಕದಂತೆ ಲೀಟರ್ ನೀರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ. ಬೇರೆ ನೀರು ಸಿಗದಿದ್ದಲ್ಲಿ 1.5ರವರೆಗೆ ರಿಯಾಯಿತಿ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾರತೆ ಏರುತ್ತದೆ. ಸುಣ್ಣ, ಪಟಿಕ ಹಾಕಿ ತಿಳಿಗೊಳಿಸುವ ನಲ್ಗೊಂಡ ವಿಧಾನವಿದೆ, ಆರ್‌ಓ ಘಟಕಗಳಿವೆ. ಆದರೆ ಘಟಕ ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಇನ್ನೂ ದಟ್ಟವಾಗಿರುತ್ತದೆ. ಅದನ್ನು ಎಲ್ಲಿಗೆ ಬಿಡುತ್ತಾರೆಂದು ಊರವರು ಕೇಳಬೇಕು. ಬಂಡೆಯನ್ನೇ ಮುಟ್ಟದ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಡುವುದು ಎಲ್ಲಕ್ಕಿಂತ ನೇರವಾದ ದಾರಿ. ಊಟದಲ್ಲಿ ಹಾಲು, ರಾಗಿ ಇದ್ದರೆ ಅವುಗಳ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಒಂದಿಷ್ಟು ಫ್ಲೋರೈಡನ್ನು ತಡೆಯುತ್ತದೆ.

1974ರಲ್ಲಿ ಬೆಂಗಳೂರಿಗೆ ಬಂದ ಕಾವೇರಿ ನೀರನ್ನು ಕುಡಿಯುವ ನಮಗೆ ಈ ಚಿಂತೆ ದೂರದ್ದು. ಆದರೆ ನಿಮ್ಮ ಮಕ್ಕಳು ಊರಾಚೆ ಕೊಳವೆಬಾವಿ ನಂಬಿದ ಮನೆ ಕೊಳ್ಳುತ್ತಿದ್ದರೆ, ನೀರಿನಲ್ಲಿ ಕರಗಿದ ವಸ್ತುಗಳ ಒಟ್ಟು ಅಳತೆಯಾದ ಟಿಡಿಎಸ್ ಅಂಕಿಯೊಂದನ್ನೇ ನೋಡಿ ಸಹಿ ಹಾಕಬೇಡಿ. ಅದರಲ್ಲಿ ಫ್ಲೋರೈಡ್ ಎಷ್ಟಿದೆಯೆಂದು ಗೊತ್ತಾಗುವುದಿಲ್ಲ. ಪ್ರಯೋಗಾಲಯದ ವರದಿಯಲ್ಲಿ ಅದರದ್ದೇ ಅಂಕಿ ಕೇಳಿ ಪಡೆಯಿರಿ.