ನಮ್ಮ ಗಂಗಾಳ, ನಮ್ಮ ಮೈ
(ಅಗಡಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಇವತ್ತು ಉಳಿತಾಯ, ಸಾಲದ ಲೆಕ್ಕ ಬದಿಗಿಟ್ಟು ನಮ್ಮ ಊಟದ ಬಗ್ಗೆ ಮಾತಾಡೋಣ ಅಂತ ಬಂದಿದ್ದೇವೆ. ಆದರೆ ಸಾಲದ ಮಾತು ಪೂರ್ತಿ ಬಿಡಲಿಕ್ಕೆ ಆಗುವುದಿಲ್ಲ. ನಾವು ಕೆಲಸ ಮಾಡುವ ಒಂದು ಹಳ್ಳಿಯಲ್ಲಿ (ಊರಿನ ಹೆಸರು ಬೇಡ) ಒಬ್ಬ ತಾಯಿ 'ಮನೆ ಖರ್ಚು' ಎಂದು ಬರೆಸಿ ಸಂಘದಿಂದ 3,000 ರೂಪಾಯಿ ಸಾಲ ತಗೊಂಡರು. ಆ ಹಣ ಹೋದದ್ದು ತೂಕ ಇಳಿಸುವ ಪುಡಿಯ ಡಬ್ಬಿಗೆ. ಮಗಳಿಗೆ ಗಂಡು ನೋಡುತ್ತಿದ್ದರು. ಬಂದವರಲ್ಲಿ ಯಾರೋ 'ಹುಡುಗಿ ಸ್ವಲ್ಪ ದಪ್ಪ ಅದಾಳ' ಅಂದಿದ್ದರಂತೆ. ಹುಡುಗಿ ಬೆಳಿಗ್ಗೆ, ರಾತ್ರಿ ಪುಡಿ ಕುಡಿದು, ಮಧ್ಯಾಹ್ನ ಅರ್ಧ ರೊಟ್ಟಿ ತಿಂದು ಎರಡು ತಿಂಗಳು ಕಳೆದಳು. ಮುಟ್ಟು ನಿಂತಿತು. ಮೆಣಸಿನಕಾಯಿ ಬಿಡಿಸಲು ಹೋದ ಹೊಲದಲ್ಲೇ ತಲೆ ತಿರುಗಿ ಬಿದ್ದಳು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8 ಗ್ರಾಂ. ಸಾಲದ ಕಂತು ಇನ್ನೂ ತೀರಿಲ್ಲ.

ನಮ್ಮ ಈ ಭಾಗದಲ್ಲಿ ಮೊದಲು 'ಮೈಕೈ ತುಂಬಿಕೊಂಡಾಳ' ಅನ್ನೋದು ಹೊಗಳಿಕೆಯ ಮಾತು. ಮಗಳು ಸೊರಗಿ ಬಂದರೆ 'ಅತ್ತಿಮನ್ಯಾಗ ಉಣ್ಣಾಕ ಹಾಕಂಗಿಲ್ಲೇನು' ಅಂತ ತವರಿನವರು ಕೇಳುತ್ತಿದ್ದರು. ಟಿವಿ, ಮೊಬೈಲು ಬಂದ ಮೇಲೆ ಮಾತು ತಿರುವಿತು. ಹಾಗಂತ ಹಳೆಯ ಕಾಲವೇ ಚೆನ್ನಾಗಿತ್ತು ಅಂತ ನಾವು ಹೇಳುವುದಿಲ್ಲ. ಆಗಲೂ ಹೆಣ್ಣಿನ ಮೈಗೆ ಬೆಲೆ ಕಟ್ಟಿದವರು ಬೇರೆಯವರೇ. ಆಗಲೂ ಆಕೆ ಎಲ್ಲರದೂ ಆದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿ ಉಂಡವಳೇ.

ಕುಬಸದ ದಿನ ನೆನಪು ಮಾಡಿಕೊಳ್ಳಿ. 'ಏನ್ ಬಯಕಿ ಆಗೇತಿ, ಹೇಳವಾ' ಅಂತ ಬಸುರಿಯನ್ನು ಕೇಳಿ ಕೇಳಿ, ಬುತ್ತಿ ಕಟ್ಟಿ ತಂದು ಉಣಿಸುತ್ತಾರೆ. ಅದು ಬಿಟ್ಟರೆ, ಇಲ್ಲಿ ಕೂತವರಲ್ಲಿ ಎಷ್ಟು ಜನರನ್ನು ಮನೆಯವರು 'ನಿನಗೇನು ತಿನ್ನಬೇಕು ಅನಸತೈತಿ' ಅಂತ ಕೇಳಿದ್ದಾರೆ? ನಗುತ್ತೀರಿ. ಆ ಕುಬಸದ ಪ್ರಶ್ನೆಯೂ ಅರ್ಧ ಹೊಟ್ಟೆಯೊಳಗಿನ ಕೂಸಿಗೇ ಕೇಳಿದ್ದು! ತನಗಾಗಿ ಒಂದು ತುತ್ತು ಬೇಕು ಅನ್ನಲಿಕ್ಕೆ ಕಲಿಯದ ಹೆಣ್ಣಿಗೆ ಈಗ 'ಅದನ್ನೂ ಬಿಡು' ಅಂತ ಹೇಳುವವರು ಬಂದಿದ್ದಾರೆ. ಪಂಚಮಿಗೆ ತವರಿಗೆ ಬಂದ ಮಗಳು ಶೇಂಗಾ ಉಂಡಿ ಮುಟ್ಟದೆ 'ಬ್ಯಾಡವಾ, ದಪ್ಪ ಆಗತೇನಿ' ಅನ್ನುತ್ತಾಳೆ. ಉಂಡಿ ಕಟ್ಟಿದ ತಾಯಿಯ ಮುಖ ಆಗ ಹೇಗಾಗುತ್ತದೆ ಅನ್ನೋದು ನಿಮಗೇ ಗೊತ್ತು.

'ಉಪವಾಸ ಒಳ್ಳೇದಲ್ಲೇನ್ರಿ ಸಿಸ್ಟರ್' ಅಂತ ಕೆಲವರು ಕೇಳುತ್ತೀರಿ. ಶ್ರಾವಣ ಸೋಮವಾರ ಇರಲಿ, ರಂಜಾನ್ ಇರಲಿ, ನಮ್ಮ ತಪಸ್ಸುಕಾಲ ಇರಲಿ, ಆ ಉಪವಾಸಕ್ಕೆ ಒಂದು ಕೊನೆ ಇದೆ. ರೋಗಿಗೆ, ಬಸುರಿಗೆ ವಿನಾಯಿತಿ ಇದೆ. ಮುಗಿದ ಮೇಲೆ ಎಲ್ಲರೂ ಕೂಡಿ ಉಣ್ಣುವ ಹಬ್ಬ ಇದೆ. ತೆಳ್ಳಗಾಗಲಿಕ್ಕೆ ಮಾಡುವ ಉಪವಾಸದಲ್ಲಿ ಇವು ಯಾವವೂ ಇಲ್ಲ.

ನಾವು ಸಂಜೆ ನೋಡುವ ಧಾರಾವಾಹಿಯ ಹುಡುಗಿಯರೂ ಇದರಿಂದ ಪಾರಾಗಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡರು. ಆಕೆಗೆ ಆಗ 21 ವರ್ಷ. ನಮ್ಮ ಮಕ್ಕಳು ಯಾರ ಹಾಗೆ ಆಗಬೇಕು ಅಂತ ಕನ್ನಡಿ ನೋಡುತ್ತಾರೋ, ಅಂಥವರಿಗೂ ತಮ್ಮ ಮೈ ಸಾಲದಾಗಿತ್ತು.

ಲೆಕ್ಕ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ 100 ಹೆಣ್ಣುಮಕ್ಕಳಲ್ಲಿ ಸುಮಾರು 30 ಜನರ ತೂಕ ಹೆಚ್ಚು, 17 ಜನರದು ಕಡಿಮೆ. ಆದರೆ ರಕ್ತಹೀನತೆ ಇರುವವರು ಸುಮಾರು 48! ಅಂದರೆ ದಪ್ಪ ಇದ್ದವಳ ಮೈಯಲ್ಲೂ ರಕ್ತ ಕಡಿಮೆ ಇರಬಹುದು. 'ಆಕಿಗೇನ್ ಆಗೇತಿ, ಗಟ್ಟಿಮುಟ್ಟ ಅದಾಳ' ಅಂತ ಯಾರೂ ಪರೀಕ್ಷೆ ಮಾಡಿಸುವುದೇ ಇಲ್ಲ.

ಬರಗಾಲ ಬಂದರೆ ನಾವು ಏನು ಮಾಡುತ್ತೇವೆ? ಜೋಳ ಅಳೆದು ಅಳೆದು ಬಳಸುತ್ತೇವೆ. ಮೈಯೂ ಹಾಗೇ. ಒಮ್ಮೆಲೇ ಊಟ ಬಿಟ್ಟರೆ ಬರ ಬಂತೆಂದು ತಿಳಿದು ಖರ್ಚು ಕಡಿಮೆ ಮಾಡುತ್ತದೆ, ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮತ್ತೆ ಉಣ್ಣಲು ಶುರು ಮಾಡಿದಾಗ ಬಹಳ ಜನರಿಗೆ ಇಳಿದ ತೂಕ ತಿರುಗಿ ಬರುವುದು ಇದಕ್ಕೇ. ಅದು ಆಕೆಯ ಹೊಟ್ಟೆಬಾಕತನ ಅಲ್ಲ.

ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗೆ ಡಾಕ್ಟರು ಪಥ್ಯ ಹೇಳಿದ್ದರೆ ಅದನ್ನು ಪಾಲಿಸಲೇಬೇಕು. ಮುಟ್ಟು ತಪ್ಪಿದರೆ, ತೂಕ ಒಮ್ಮೆಲೇ ಏರಿದರೆ ಅಥವಾ ಇಳಿದರೆ ತೋರಿಸಬೇಕು. ಡಾಕ್ಟರ ಮಾತು ಬೇರೆ, ಮದುವೆ ಮನೆಯ ಬೀಗತಿಯ ಮಾತು ಬೇರೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಶೇಂಗಾ ಹಿಂಡಿ, ಮಜ್ಜಿಗೆ: ಇದರಲ್ಲಿ ಹೆದರಬೇಕಾದದ್ದು ಏನಿದೆ? ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಉಂಡ ಕೂಡಲೇ ಚಹಾ ಬೇಡ, ಒಂದು ತಾಸು ಬಿಡಿ. ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ.

ಸಂಘದಲ್ಲಿ ಇನ್ನು ಮೇಲೆ ಯಾರು ಒಳಗೆ ಬಂದರೂ ದಪ್ಪ, ಸಣಕಲು ಅನ್ನೋ ಮಾತಿನಿಂದ ಮಾತು ಶುರು ಮಾಡಬೇಡಿ. 'ಉಂಡ್ರ್ಯಾ?' ಅಂತ ಕೇಳುವ ನಮ್ಮ ಪದ್ಧತಿ ಸಾಕು. ಪುಡಿಗೆ, ಮಾತ್ರೆಗೆ ಸಾಲ ಬೇಕಾದವರು ಮುಚ್ಚಿಡದೆ ಸಭೆಯಲ್ಲೇ ಹೇಳಲಿ. ಯಾರೂ ನಗಬಾರದು, ಕೂಡಿ ಕೂತು ವಿಚಾರ ಮಾಡಬೇಕು.

ಆಶಾ ಕಾರ್ಯಕರ್ತೆಯರಿಗೆ ಹೇಳಿ ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಬೆಳೆದ ಹೆಣ್ಣುಮಕ್ಕಳನ್ನೂ ಕರೆದೊಯ್ಯಿರಿ. ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು, ಬಸುರಿಗೆ 11. ಮುಂದಿನ ಸಭೆಗೆ ಆ ಚೀಟಿ ತನ್ನಿ. ಯಾರ ಮನೆಯಲ್ಲಾದರೂ ತೂಕ ಇಳಿಸುವ ಡಬ್ಬಿ ಇದ್ದರೆ ಅದನ್ನೂ ತನ್ನಿ. ಅದರ ಮೇಲೆ ಏನು ಬರೆದಿದೆ ಅಂತ ಎಲ್ಲರೂ ಕೂಡಿ ಓದೋಣ.