ಜೀವಕೋಶಕ್ಕೆ ನೆಲೆ ಕೊಡುವ ಹಾಳೆ

ದೇಹದಲ್ಲಿ ತಾನಾಗಿ ಕರಗಿಹೋಗುವ ಪಾಲಿಮರ್‌ಗಳ ಮಾತು ಬಂದರೆ ಧಾರವಾಡದ ಹೆಸರು ಬಾರದೆ ಇರದು. ಇಂಥ ಪಾಲಿಮರ್‌ಗಳ ನ್ಯಾನೊಕಣಗಳಲ್ಲಿ ಔಷಧ ಸಾಗಿಸುವ ವಿಧಾನಗಳ ಕುರಿತು ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ತೇಜರಾಜ್ ಅಮಿನಭಾವಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ವಿಮರ್ಶಾ ಲೇಖನವನ್ನು ಜಗತ್ತಿನ ಸಂಶೋಧಕರು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಅಲ್ಲಿ ಪಾಲಿಮರ್ ಔಷಧ ಹೊರುವ ಕಣ. ಅದನ್ನೇ ತೆಳು ಹಾಳೆಯಾಗಿಸಿದರೆ ಬೇರೆ ಕೆಲಸ ಕಾದಿರುತ್ತದೆ: ಗಾಯವಾದ ಚರ್ಮದ ಮೇಲೆ, ಸವೆದ ಮೂಳೆಯ ಜಾಗದಲ್ಲಿ ಜೀವಕೋಶಗಳಿಗೆ ನೆಲೆ ಕೊಡುವುದು, ಹೊಸ ಅಂಗಾಂಶ ಬೆಳೆಯುತ್ತಿದ್ದಂತೆ ತಾನು ಮರೆಯಾಗುವುದು.

ತೊಡಕಿರುವುದು ಮೇಲ್ಮೈಯಲ್ಲಿ. ಪಾಲಿಲ್ಯಾಕ್ಟಿಕ್ ಆಮ್ಲ, ಪಾಲಿಕ್ಯಾಪ್ರೊಲ್ಯಾಕ್ಟೋನ್ ಮೊದಲಾದವು ನೀರನ್ನು ಅಷ್ಟಾಗಿ ಹತ್ತಿರ ಸೇರಿಸವು. ಹಾಳೆಯ ಮೇಲೆ ಬಿಟ್ಟ ಹನಿ ಹರಡದೆ ಉಬ್ಬಿ ಕೂರುತ್ತದೆ. ಜೀವಕೋಶವಾದರೋ ಹಾಳೆಯನ್ನು ನೇರವಾಗಿ ಹಿಡಿಯುವುದಿಲ್ಲ. ಮೊದಲು ಫೈಬ್ರೊನೆಕ್ಟಿನ್‌ನಂಥ ಪ್ರೋಟೀನುಗಳು ಅಲ್ಲಿ ಅಂಟಬೇಕು. ಕೋಶದ ಹೊರಪೊರೆಯ ಇಂಟೆಗ್ರಿನ್‌ಗಳು ಅವನ್ನು ಹಿಡಿದುಕೊಂಡ ಮೇಲೆಯೇ ಕೋಶ ಕಾಲು ಚಾಚಿ ಹರಡುವುದು. ನೀರೊಲ್ಲದ ಮೇಲ್ಮೈಯಲ್ಲಿ ಆ ಪ್ರೋಟೀನುಗಳು ಅಂಟಿದರೂ ಆಕಾರ ಕೆಡುತ್ತವೆ, ಹಿಡಿತ ಸಿಗುವುದಿಲ್ಲ.

ಇದಕ್ಕೆ ಮದ್ದು ಪ್ಲಾಸ್ಮಾ. ರಕ್ತದ್ದಲ್ಲ; ವಿದ್ಯುತ್ತಿನಿಂದ ಅಯಾನುಗಳಾದ ಅನಿಲ. ಉರಿಯುವ ಟ್ಯೂಬ್‌ಲೈಟಿನ ಒಳಗಿರುವುದೂ ಅದೇ. ಹಾಳೆಯನ್ನು ಕೋಣೆಯೊಳಗಿಟ್ಟು, ಗಾಳಿಯನ್ನು ಪಂಪಿನಿಂದ ಹೊರಗೆಳೆದು, ಒಂದಿಷ್ಟು ಆಮ್ಲಜನಕ ಬಿಟ್ಟು ಅಧಿಕ ಆವರ್ತನದ ವಿದ್ಯುತ್ ಹಾಯಿಸಿದರೆ ಒಳಗೆಲ್ಲ ಮಂದ ಬೆಳಕು ತುಂಬುತ್ತದೆ. ಎಲೆಕ್ಟ್ರಾನುಗಳ ತಾಪ ಹತ್ತಾರು ಸಾವಿರ ಡಿಗ್ರಿ ಮುಟ್ಟಿದರೂ ಅನಿಲ ಮಾತ್ರ ಹೆಚ್ಚು ಬಿಸಿಯಾಗುವುದಿಲ್ಲ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಸುಮಾರು 60 ಡಿಗ್ರಿಗೇ ಕರಗುವ ವಸ್ತುವಾದ್ದರಿಂದ ಈ ತಣ್ಣನೆಯ ಗುಣವೇ ಇಲ್ಲಿ ನಿರ್ಣಾಯಕ.

ಕೆಲವೇ ನಿಮಿಷಗಳಲ್ಲಿ ಮೇಲ್ಮೈಯ ಬಂಧಗಳು ಮುರಿದು ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್ ಗುಂಪುಗಳು ಕೂಡಿಕೊಳ್ಳುತ್ತವೆ. ಅಮೋನಿಯಾ ಬಳಸಿದರೆ ಅಮೈನ್ ಗುಂಪುಗಳು. ಉಬ್ಬಿ ಕೂರುತ್ತಿದ್ದ ಹನಿ ಈಗ ಚಪ್ಪಟೆಯಾಗಿ ಹರಡುತ್ತದೆ. ಬದಲಾಗುವುದು ಕೆಲವು ನ್ಯಾನೊಮೀಟರಿನಷ್ಟು ಮೇಲ್ಪದರ ಮಾತ್ರ. ಹಾಳೆಯ ಒಡಲಿನ ಬಲ ಹಾಗೆಯೇ ಉಳಿಯುತ್ತದೆ. ಪ್ರಯೋಗಾಲಯಗಳಲ್ಲಿ ಕೋಶ ಬೆಳೆಸುವ ಪಾಲಿಸ್ಟೈರೀನ್ ತಟ್ಟೆಗಳೂ ಪ್ಲಾಸ್ಮಾ ಅಥವಾ ಕೊರೋನಾ ಎಂಬ ವಿದ್ಯುತ್ ವಿಸರ್ಜನೆಯ ಸಂಸ್ಕಾರ ಪಡೆದೇ ಬರುತ್ತವೆ.

ಅತಿಯಾದರೆ ಕೆಡುಕೂ ಉಂಟು. ಹೊತ್ತು ಹೆಚ್ಚಾದರೆ ಪಾಲಿಮರಿನ ಸರಪಣಿಗಳೇ ಕಡಿದು ಮೇಲ್ಮೈ ಸವೆಯುತ್ತದೆ. ತೀರಾ ನೀರ್ಪ್ರಿಯವಾದ ಮೇಲ್ಮೈಯಲ್ಲಿ ಪ್ರೋಟೀನುಗಳು ಸರಿಯಾಗಿ ನಿಲ್ಲುವುದಿಲ್ಲ. ಸಂಸ್ಕರಿಸಿದ ಹಾಳೆಯನ್ನು ಗಾಳಿಯಲ್ಲಿ ಹಾಗೇ ಇಟ್ಟರೆ ಕೆಲ ದಿನಗಳಲ್ಲಿ ಹೊಸ ಗುಂಪುಗಳು ಒಳಮುಖವಾಗಿ ತಿರುಗಿ, ಹಳೆಯ ಗುಣ ಅಷ್ಟಿಷ್ಟು ಮರಳುತ್ತದೆ. ಪ್ರಯೋಗಾಲಯದಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಇದೂ ಒಂದು ದೊಡ್ಡ ಅಡ್ಡಿ. ಸಂಶೋಧನೆಯ ಹೆಚ್ಚು ಶ್ರಮ ಇಲ್ಲಿಗೆ ಸಲ್ಲಬೇಕು.

ಕನ್ನಡ ನಾಡಿಗೆ ಇಲ್ಲೊಂದು ಸ್ವಂತ ವಸ್ತುವೂ ಇದೆ. ಹಿಪ್ಪುನೇರಳೆ ರೇಷ್ಮೆಯ ಉತ್ಪಾದನೆಯಲ್ಲಿ ಕರ್ನಾಟಕ ದೇಶಕ್ಕೇ ಮುಂದು. ಆ ಗೂಡಿನ ಫೈಬ್ರೊಯಿನ್ ಪ್ರೋಟೀನಿನಿಂದಲೂ ದೇಹದಲ್ಲಿ ಕರಗುವ ಹಾಳೆ ಮಾಡಬಹುದು. ಇಂಟೆಗ್ರಿನ್ ಗುರುತು ಹಿಡಿಯುವ ಮೂರು ಅಮೈನೊ ಆಮ್ಲಗಳ ಸರಣಿ ಕಾಡಿನ ಟಸರ್ ರೇಷ್ಮೆಯಲ್ಲಿದೆ, ಹಿಪ್ಪುನೇರಳೆ ರೇಷ್ಮೆಯಲ್ಲಿಲ್ಲ. ಹಾಗಾಗಿ ಇದಕ್ಕೂ ಮೇಲ್ಮೈ ಸಂಸ್ಕಾರದ ನೆರವು ಬೇಕಾಗುತ್ತದೆ.

ಪಾಲಿಮರ್ ಬಲ್ಲ ರಸಾಯನಶಾಸ್ತ್ರಜ್ಞರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಎಂಜಿನಿಯರುಗಳು ಧಾರವಾಡದ ಐಐಟಿಯಲ್ಲಿ, ಗಾಯ ನೋಡುವ ವೈದ್ಯರು ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲಿದ್ದಾರೆ. ಅವಳಿ ನಗರದ ಈ ಮೂರೂ ಕಡೆಯವರು ಒಂದೇ ಮೇಜಿಗೆ ಬಂದು ರೇಷ್ಮೆ ಹಾಳೆಯ ಕೆಲಸ ಕೈಗೆತ್ತಿಕೊಳ್ಳಲಿ. ವಿಜ್ಞಾನ ಓದುವ ಮಕ್ಕಳು ಅವರ ಜೊತೆಗೂಡಲಿ.